ರೋಟರಿ ವಿಮಾನ ಎಂಜಿನ್: ಎಣ್ಣೆ ಮತ್ತು ಕೂಲಂಟ್ ಉಷ್ಣತೆಯ ಸೆನ್ಸರ್‌ಗಳನ್ನು ಕೂರಿಸುವ ಬಗೆ

ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಎಲ್ಲಿ ಅಳೆದದ್ದು ಎಂದು ತಿಳಿಯದ ಹೊರತು ಗೇಜಿನ ಮೇಲಿನ ಅಂಕಿಗೆ ಅರ್ಥವೇ ಹುಟ್ಟುವುದಿಲ್ಲ. ಯಾವ ಎಂಜಿನ್ನಿಗಾದರೂ ಈ ಮಾತು ಸಲ್ಲುತ್ತದೆ. ಆದರೆ ತ್ರಿಕೋನಾಕಾರದ ರೋಟರ್ ತಿರುಗುವ ವ್ಯಾಂಕೆಲ್ ಎಂಜಿನ್ನಿಗೆ ಇದು ಜೀವನ್ಮರಣದ ಮಾತು. ಅದರ ಮೈಯ ಒಂದು ಬದಿ ಸದಾ ಕಾಯುತ್ತಿರುತ್ತದೆ, ಇನ್ನೊಂದು ಬದಿ ಸದಾ ತಂಪಾಗಿರುತ್ತದೆ. ಎರಡರ ನಡುವೆ ಒಂದೆರಡು ಗೇಣಿನ ಅಂತರವೂ ಇರುವುದಿಲ್ಲ. ಸೆನ್ಸರನ್ನು ಆ ಗೇಣಿನೊಳಗೆ ಎಲ್ಲಿ ಕೂರಿಸಬೇಕು, ಎಷ್ಟು ಕೂರಿಸಬೇಕು ಎಂಬುದೇ ಈ ಲೇಖನದ ವಿಷಯ.

ವಿಮಾನಲೋಕದಲ್ಲಿ ರೋಟರಿ ಎಂಜಿನ್ ಎಂಬ ಹೆಸರು ಎರಡು ಯಂತ್ರಗಳಿಗೆ ಸಂದಿದೆ. ಮೊದಲನೆಯದು ಮೊದಲ ಮಹಾಯುದ್ಧದ ಕಾಲದ್ದು. ಫ್ರಾನ್ಸಿನ ಸೆಗ್ಯಾಂ ಸೋದರರ ನೋಮ್, ಆಮೇಲಿನ ಲ ರೋನ್, ಕ್ಲೆರ್ಜೆ ಎಂಜಿನ್‌ಗಳು ಈ ಗುಂಪಿನವು. ಇವುಗಳಲ್ಲಿ ಶಾಫ್ಟ್ ನಿಂತಿರುತ್ತಿತ್ತು, ಸಿಲಿಂಡರ್‌ಗಳೆಲ್ಲ ಪ್ರೊಪೆಲರ್ ಜೊತೆಗೇ ಗಿರಗಿರನೆ ಸುತ್ತುತ್ತಿದ್ದವು. ಸುತ್ತುವುದರಿಂದಲೇ ಗಾಳಿ ತಾಕಿ ತಣಿಯುತ್ತಿದ್ದವು, ಹಾಗಾಗಿ ಕೂಲಂಟಿನ ಮಾತೇ ಇರಲಿಲ್ಲ. ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಸಾಗುತ್ತಿದ್ದುದರಿಂದ ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗದ ಹರಳೆಣ್ಣೆಯನ್ನೇ ಬಳಸುತ್ತಿದ್ದರು. ಆ ಎಣ್ಣೆ ಒಮ್ಮೆ ಒಳಹೊಕ್ಕರೆ ಹೊಗೆಯ ಜೊತೆ ಹೊರಗೆ ಚೆಲ್ಲಿಹೋಗುತ್ತಿತ್ತು, ತಿರುಗಿ ಬರುತ್ತಿರಲಿಲ್ಲ. ತಿರುಗಿ ಬರದ ಎಣ್ಣೆಯ ಉಷ್ಣತೆಯನ್ನು ಅಳೆದು ಮಾಡುವುದೇನು? ಪೈಲಟ್ ನೋಡುತ್ತಿದ್ದುದು ಒಂದು ಪುಟ್ಟ ಗಾಜಿನ ಬುರುಡೆಯನ್ನು ಮಾತ್ರ. ಪಂಪು ಎಣ್ಣೆ ತಳ್ಳಿದಾಗಲೆಲ್ಲ ಅದರೊಳಗಿನ ಮಟ್ಟ ಮೇಲೆ ಕೆಳಗೆ ಮಿಡಿಯುತ್ತಿತ್ತು. ಮಿಡಿತ ನಿಂತರೆ ಎಣ್ಣೆ ನಿಂತಿತೆಂದೇ ಲೆಕ್ಕ. 1917ರಲ್ಲಿ ಬ್ರಿಟನ್ನಿನ 28ನೇ ಸ್ಕ್ವಾಡ್ರನ್ನಿನಲ್ಲಿ ಸಾಪ್‌ವಿತ್ ಕ್ಯಾಮೆಲ್ ಹಾರಿಸಿದ ಹರ್ದಿತ್ ಸಿಂಗ್ ಮಲಿಕ್ ಈ ಬಗೆಯ ಎಂಜಿನ್ ಹಿಂದೆ ಕೂತು ಕಾದಾಡಿದ ಭಾರತೀಯ. 

ಇಂದು ರೋಟರಿ ಎಂದರೆ ಎರಡನೆಯದು, ಫೆಲಿಕ್ಸ್ ವ್ಯಾಂಕೆಲ್ ಹೆಸರಿನ ಎಂಜಿನ್. ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಅದರ ಮೊದಲ ಮಾದರಿ ಓಡಿತು. ಅದನ್ನು ಕಾರಿಗೆ ಒಗ್ಗಿಸಿ ದಶಕಗಳ ಕಾಲ ಬಿಡದೆ ಬೆಳೆಸಿದ್ದು ಜಪಾನಿನ ಮಜ್ದಾ. ಆಕಾಶದಲ್ಲಿ ಇದು ಎರಡು ದಾರಿ ಹಿಡಿದಿದೆ. ಒಂದು, ಮಜ್ದಾ ಕಾರಿನ 13ಬಿ ಎಂಜಿನ್ನನ್ನು ತೆಗೆದು ಗೇರ್‌ಬಾಕ್ಸ್ ಹಚ್ಚಿ ಸ್ವಂತ ಕೈಯಿಂದ ಕಟ್ಟಿದ ಸಣ್ಣ ವಿಮಾನಗಳಿಗೆ ಕೂರಿಸುವುದು. ಇನ್ನೊಂದು, ಮೋಟಾರು ಗ್ಲೈಡರ್‌ಗೂ ಚಾಲಕರಹಿತ ವಿಮಾನಕ್ಕೂ ಎಂದೇ ಮಾಡಿದ ಒಂದೇ ರೋಟರಿನ ಹಗುರ ಎಂಜಿನ್. ಸೆನ್ಸರ್ ಕೂರಿಸುವ ಲೆಕ್ಕಾಚಾರ ಇವೆರಡರಲ್ಲಿ ಬೇರೆ ಬೇರೆ.

ಬಿಸಿ ಬದಿ, ತಂಪು ಬದಿ

ಸಾಮಾನ್ಯ ಪಿಸ್ಟನ್ ಎಂಜಿನ್ನಿನಲ್ಲಿ ಗಾಳಿ ಎಳೆಯುವುದು, ಒತ್ತುವುದು, ಉರಿಸುವುದು, ಹೊಗೆ ಬಿಡುವುದು ಎಲ್ಲವೂ ಒಂದೇ ಸಿಲಿಂಡರಿನಲ್ಲಿ ಒಂದಾದ ಮೇಲೊಂದು ನಡೆಯುತ್ತವೆ. ಉರಿ ಕಾಯಿಸಿದ ಗೋಡೆಗೆ ಆಮೇಲೆ ತಣ್ಣನೆಯ ಗಾಳಿ ತಾಕುತ್ತದೆ. ವ್ಯಾಂಕೆಲ್ ಎಂಜಿನ್ನಿನಲ್ಲಿ ಹಾಗಿಲ್ಲ. ನಡು ತುಸು ಒಳಸರಿದ ಅಂಡಾಕಾರದ ಹೌಸಿಂಗ್ ಒಳಗೆ ರೋಟರ್ ಸುತ್ತುವಾಗ ಪ್ರತಿಯೊಂದು ಕೆಲಸಕ್ಕೂ ಗೋಡೆಯ ಮೇಲೆ ಕಾಯಂ ಜಾಗವಿದೆ. ಗಾಳಿ ಬರುವ ಕಡೆಗೆ ಯಾವಾಗಲೂ ಹೊಸ ಗಾಳಿಯೇ ತಾಕುತ್ತದೆ. ಸ್ಪಾರ್ಕ್ ಪ್ಲಗ್ ಇರುವ ಬದಿಗೆ ಬೆಂಕಿಯ ವಿನಾ ಬೇರೇನೂ ತಾಕುವುದಿಲ್ಲ. ಅಲ್ಲಿಂದ ಹೊಗೆಯ ಕಿಂಡಿಯವರೆಗಿನ ಪಟ್ಟಿಗೆ ಒಂದು ಸುತ್ತಿನಲ್ಲೂ ಬಿಡುವಿಲ್ಲ.

ಇದರ ಪರಿಣಾಮ ಲೋಹದ ಮೇಲೆ ನೇರವಾಗಿ ಕಾಣುತ್ತದೆ. ಮಜ್ದಾ ಎಂಜಿನ್ನಿನಲ್ಲಿ ರೋಟರ್ ಹೌಸಿಂಗ್ ಅಲ್ಯೂಮಿನಿಯಮ್ಮಿನದು, ಅದನ್ನು ಎರಡು ಕಡೆ ಅಮುಕಿ ಹಿಡಿಯುವ ಪಕ್ಕದ ತಟ್ಟೆಗಳು ಬೀಡುಕಬ್ಬಿಣದವು. ಕಾದಾಗ ಅಲ್ಯೂಮಿನಿಯಮ್ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ನಡುವೆ ಕೂಲಂಟನ್ನು ಹಿಡಿದಿಡುವುದು ತೆಳುವಾದ ರಬ್ಬರ್ ಜಾತಿಯ ಸೀಲುಗಳು. ಎಂಜಿನ್ ಒಮ್ಮೆ ಮಿತಿಮೀರಿ ಕಾದರೆ ಸಾಕು, ಈ ಸೀಲುಗಳು ಸುಟ್ಟೋ ಅಮುಕಿಯೋ ಹಾಳಾಗುತ್ತವೆ, ಕೂಲಂಟ್ ಒಳಕ್ಕೆ ಸೋರುತ್ತದೆ, ಎಂಜಿನ್ನನ್ನು ಪೂರ್ತಿ ಬಿಚ್ಚದೆ ದುರಸ್ತಿಯಿಲ್ಲ. ಕಾರಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ವಿಮಾನಕ್ಕೆ ಆ ಸೌಲಭ್ಯ ಇಲ್ಲದ್ದರಿಂದಲೇ ಕೆಡುವ ಮುನ್ನ ತಿಳಿಸುವ ಸೆನ್ಸರ್ ಬೇಕು.

ಕೂಲಂಟಿನ ಸೆನ್ಸರ್

13ಬಿ ಎಂಜಿನ್ನಿನಲ್ಲಿ ಕೂಲಂಟ್ ಶಾಫ್ಟಿನ ಗುಂಟ ಉದ್ದಕ್ಕೆ ಹರಿಯುತ್ತದೆ. ಮುಂದಿರುವ ಪಂಪು ಅದನ್ನು ಮೊದಲು ಬಿಸಿ ಬದಿಗೆ ತಳ್ಳುತ್ತದೆ. ಅಲ್ಲಿಂದ ಹಿಂದಿನ ತಟ್ಟೆಯವರೆಗೆ ಹೋಗಿ, ತಿರುಗಿ, ತಂಪು ಬದಿಯಿಂದ ಮುಂದಕ್ಕೆ ಬಂದು, ಥರ್ಮೋಸ್ಟ್ಯಾಟ್ ದಾಟಿ ರೇಡಿಯೇಟರಿಗೆ ಹೋಗುತ್ತದೆ. ಆರ್‌ಎಕ್ಸ್-7 ಕಾರಿನಲ್ಲಿ ಮಜ್ದಾದವರು ಎರಡು ಕಡೆ ಅಳೆಯುತ್ತಿದ್ದರು. ಕಂಪ್ಯೂಟರಿಗೆ ಬೇಕಾದ ಸೆನ್ಸರ್ ಪಂಪಿನ ಹೌಸಿಂಗ್ ಹಿಂಭಾಗದಲ್ಲಿ, ಥರ್ಮೋಸ್ಟ್ಯಾಟ್ ಬಳಿ ಇತ್ತು, ಚಾಲಕ ನೋಡುವ ಗೇಜಿನದು ಹಿಂದಿನ ತಟ್ಟೆಯಲ್ಲಿತ್ತು. ಎರಡೂ ಸರಿಯಾದ ಜಾಗಗಳೇ, ಆದರೆ ಹೇಳುವ ಸುದ್ದಿ ಬೇರೆ. ಹಿಂದಿನ ತಟ್ಟೆಯದು ಬಿಸಿ ಬದಿಯನ್ನು ಆಗತಾನೆ ದಾಟಿ ಬಂದ ದ್ರವವನ್ನು ಮುಟ್ಟುತ್ತದೆ. ಥರ್ಮೋಸ್ಟ್ಯಾಟ್ ಬಳಿಯದು ಇಡೀ ಎಂಜಿನ್ ಸುತ್ತಿ ಬಂದ ದ್ರವದ ಒಟ್ಟು ಲೆಕ್ಕ ಕೊಡುತ್ತದೆ.

ಇದೇ ಎಂಜಿನ್ ವಿಮಾನಕ್ಕೆ ಬಂದಾಗ ದಿಕ್ಕು ತಿರುಗಿಬಿಡುತ್ತದೆ. ಗೇರ್‌ಬಾಕ್ಸ್ ಮತ್ತು ಪ್ರೊಪೆಲರ್ ಹಚ್ಚುವುದು ಫ್ಲೈವೀಲ್ ಇರುವ ಬದಿಗೆ. ಹಾಗಾಗಿ ಕಾರಿನಲ್ಲಿ ಹಿಂದಿದ್ದದ್ದು ವಿಮಾನದ ಮೂತಿಗೆ ಬರುತ್ತದೆ, ನೀರಿನ ಪಂಪು ಪೈಲಟ್ ಕಡೆಗೆ ಹೋಗುತ್ತದೆ. ವಿಮಾನ ಮೂತಿ ಎತ್ತಿ ಏರುವಾಗ ಕಾರಿನ ಹಿಂದಿನ ತಟ್ಟೆ ಎಂಜಿನ್ನಿನ ಎತ್ತರದ ತುದಿಯಾಗುತ್ತದೆ. ಗಾಳಿಗುಳ್ಳೆಯೂ ಆವಿಯೂ ಏರಿ ಸೇರುವುದು ಅಲ್ಲೇ. ಪೂರ್ತಿ ಶಕ್ತಿಯಲ್ಲಿ, ಕಡಿಮೆ ವೇಗದಲ್ಲಿ, ರೇಡಿಯೇಟರಿಗೆ ಗಾಳಿ ಸಾಲದೆ ಎಂಜಿನ್ ಅತಿ ಹೆಚ್ಚು ಕಾಯುವ ಗಳಿಗೆಯೂ ಅದೇ. ಕಾರಿನ ಕೈಪಿಡಿ ನೋಡಿ ಸೆನ್ಸರ್ ಕೂರಿಸಿದವರು ಈ ಓರೆಯನ್ನು ಗಮನಿಸದಿದ್ದರೆ ಅಪಾಯ ತಪ್ಪಿದ್ದಲ್ಲ.

ಯಾಕೆಂದರೆ ದ್ರವದಲ್ಲಿ ಮುಳುಗಿದ ಸೆನ್ಸರ್ ಬೇಗ ಸತ್ಯ ಹೇಳುತ್ತದೆ, ಆವಿಯಲ್ಲಿ ನಿಂತದ್ದು ಹೇಳುವುದಿಲ್ಲ. ಪೈಪು ಒಡೆದು ಕೂಲಂಟ್ ಪೂರ್ತಿ ಸೋರಿಹೋದಾಗ ಸೆನ್ಸರಿನ ಸುತ್ತ ದ್ರವವೇ ಇರುವುದಿಲ್ಲ. ಎಂಜಿನ್ ಕೆಂಪಾಗುತ್ತಿದ್ದರೂ ಗೇಜಿನ ಮುಳ್ಳು ನಿಂತಲ್ಲೇ ನಿಲ್ಲಬಹುದು, ಕೆಲವೊಮ್ಮೆ ಇಳಿಯಲೂಬಹುದು. ಉಷ್ಣತೆಯ ಗೇಜನ್ನಷ್ಟೇ ನಂಬಿದ ಪೈಲಟ್‌ಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ. ಅದಕ್ಕಾಗಿಯೇ ತಿಳಿದವರು ಉಷ್ಣತೆಯ ಜೊತೆಗೆ ಕೂಲಂಟಿನ ಒತ್ತಡವನ್ನೂ ಅಳೆಯುತ್ತಾರೆ. ಸುಮಾರು 1 ಬಾರ್ ಮುಚ್ಚಳವಿರುವ ವ್ಯವಸ್ಥೆಯಲ್ಲಿ ಬರಿ ನೀರು ಕೂಡ 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಸೋರಿಕೆ ಶುರುವಾದರೆ ಆ ಒತ್ತಡ ಮೊದಲು ಬೀಳುತ್ತದೆ, ಉಷ್ಣತೆ ಆಮೇಲೆ ಏರುತ್ತದೆ. ನಡುವೆ ಸಿಗುವ ಸಮಯದಲ್ಲಿ ಹತ್ತಿರದ ರನ್‌ವೇ ಹುಡುಕಬಹುದು. ಜೊತೆಗೆ ಎತ್ತರದ ತುದಿಯಿಂದ ಹೆಡರ್ ಟ್ಯಾಂಕಿಗೆ ಸಣ್ಣ ಗಾಳಿಪೈಪು ಎಳೆಯುವುದು, ಸೆನ್ಸರಿನ ತುದಿ ಹರಿವಿನ ನಡುವೆಯೇ ಇರುವಂತೆ ನೋಡಿಕೊಳ್ಳುವುದು, ಸತ್ತ ಮೂಲೆಯ ತೂತನ್ನು ಸುಲಭವಾಗಿ ಸಿಕ್ಕಿತೆಂದು ಬಳಸದಿರುವುದು, ಇವೆಲ್ಲ ಸಣ್ಣ ಕೆಲಸಗಳೇ. ಜೀವ ಉಳಿಸುವುದು ಇವೇ.

ಒಂದೇ ಸೆನ್ಸರ್ ಕೂರಿಸುವಷ್ಟು ಅನುಕೂಲವಿದ್ದರೆ ಅದು ಎಂಜಿನ್ನಿನಿಂದ ಹೊರಬೀಳುವ ದ್ರವದ ಹಾದಿಯಲ್ಲಿ, ಥರ್ಮೋಸ್ಟ್ಯಾಟಿಗೆ ಮುಂಚೆ ಇರಬೇಕು. ಥರ್ಮೋಸ್ಟ್ಯಾಟ್ ದಾಟಿದ ಮೇಲೆ ಕೂರಿಸಿದರೆ, ಅದು ಮುಚ್ಚಿಕೊಂಡೇ ಕೆಟ್ಟ ದಿನ ಸೆನ್ಸರಿಗೆ ತಣ್ಣನೆಯ ನೀರಷ್ಟೇ ಕಾಣುತ್ತದೆ. ಎರಡನೆಯದು ಸಿಕ್ಕರೆ ರೇಡಿಯೇಟರ್ ದಾಟಿ ಬರುವ ಪೈಪಿಗೆ ಹೋಗಬೇಕು. ನಾಲೆಯ ತಲೆಭಾಗದಲ್ಲಿ ಮಾತ್ರ ನೀರು ಅಳೆದು ಕೊನೆಭಾಗದ ಗದ್ದೆಯ ಗತಿ ಹೇಳಲಾಗದು ಎಂಬುದು ಮಂಡ್ಯದ ರೈತರಿಗೆ ಗೊತ್ತಿರುವ ಸಂಗತಿ. ಇಲ್ಲೂ ಅಷ್ಟೇ. ಎರಡೂ ತುದಿಯ ಅಂಕಿ ಕೈಯಲ್ಲಿದ್ದರೆ ವ್ಯತ್ಯಾಸವೇ ಮಾತನಾಡುತ್ತದೆ. ಸೆಕೆಂಡಿಗೆ 1 ಲೀಟರ್ ನೀರು ಹರಿದು 10 ಡಿಗ್ರಿ ಇಳಿದರೆ ರೇಡಿಯೇಟರ್ ಸುಮಾರು 42 ಕಿಲೋವ್ಯಾಟ್ ಶಾಖವನ್ನು ಹೊರಹಾಕಿತು ಎಂದರ್ಥ. ಶಕ್ತಿ ಬದಲಾಗದೆ ವ್ಯತ್ಯಾಸ ಮಾತ್ರ ಹಿಗ್ಗಿದರೆ ಹರಿವು ಕಮ್ಮಿಯಾಗಿದೆ, ಪಂಪನ್ನು ನೋಡಬೇಕು. ವ್ಯತ್ಯಾಸ ಹಾಗೇ ಇದ್ದು ಎರಡೂ ಅಂಕಿ ಒಟ್ಟಿಗೆ ಏರಿದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ.

ಎಣ್ಣೆಗೆ ಎರಡು ಪಾತ್ರ

ವ್ಯಾಂಕೆಲ್ ಎಂಜಿನ್ನಿನಲ್ಲಿ ಎಣ್ಣೆ ಬರಿಯ ಜಾರುದ್ರವವಲ್ಲ. ನೀರು ಹೌಸಿಂಗನ್ನಷ್ಟೇ ತಣಿಸಬಲ್ಲದು. ಬೆಂಕಿಗೆ ಮೂರು ಮುಖವನ್ನೂ ಒಡ್ಡಿ ಒಳಗೆ ಸುತ್ತುವ ರೋಟರನ್ನು ಮಜ್ದಾ ಮಾದರಿಯಲ್ಲಿ ತಣಿಸುವುದು ಎಣ್ಣೆ. ಶಾಫ್ಟಿನ ತೂತುಗಳಿಂದ ಅದು ರೋಟರಿನ ಟೊಳ್ಳಿಗೆ ಚಿಮ್ಮಿ, ಅಲ್ಲಿನ ಬಿಸಿ ಹೀರಿ, ಕೆಳಗಿನ ಸಂಪಿಗೆ ಬೀಳುತ್ತದೆ. ತಣಿಸುವ ಒಟ್ಟು ಹೊರೆಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಎಣ್ಣೆಯದು ಎಂದು ಕಟ್ಟುವವರು ಲೆಕ್ಕ ಹಾಕುತ್ತಾರೆ. ಪಿಸ್ಟನ್ ಎಂಜಿನ್ ಅಭ್ಯಾಸದವರು ಸಣ್ಣ ಆಯಿಲ್ ಕೂಲರ್ ಹಾಕಿ ಕೈಸುಟ್ಟುಕೊಳ್ಳುವುದು ಇಲ್ಲೇ.

ಎಣ್ಣೆಯ ಹಾದಿ ಸಂಪಿನಿಂದ ಪಂಪಿಗೆ, ಪಂಪಿನಿಂದ ಕೂಲರಿಗೆ, ಕೂಲರಿನಿಂದ ಫಿಲ್ಟರಿಗೆ, ಅಲ್ಲಿಂದ ಬೇರಿಂಗು ಮತ್ತು ರೋಟರಿಗೆ. ಸಂಪಿನಲ್ಲಿಟ್ಟ ಸೆನ್ಸರ್ ಅತಿ ಹೆಚ್ಚಿನ ಅಂಕಿ ತೋರಿಸುತ್ತದೆ, ರೋಟರ್ ಎಷ್ಟು ಬಿಸಿ ಕೊಟ್ಟಿತೆಂದು ಹೇಳುತ್ತದೆ. ಕೂಲರ್ ದಾಟಿ ಫಿಲ್ಟರ್ ಪೀಠದಲ್ಲಿಟ್ಟದ್ದು ಬೇರಿಂಗಿಗೆ ಯಾವ ಎಣ್ಣೆ ಹೋಗುತ್ತಿದೆ ಎಂದು ಹೇಳುತ್ತದೆ. ಒಬ್ಬರು ತಮ್ಮ ಎಣ್ಣೆ 95 ಡಿಗ್ರಿ ಎನ್ನುತ್ತಾರೆ, ಇನ್ನೊಬ್ಬರು 115 ಎನ್ನುತ್ತಾರೆ. ಜಾಗ ಕೇಳಿದರೆ ಎರಡೂ ಎಂಜಿನ್ ಒಂದೇ ಸ್ಥಿತಿಯಲ್ಲಿರುವುದು ತಿಳಿಯುತ್ತದೆ. 13ಬಿ ಹಾರಿಸುವವರಲ್ಲಿ ಹೆಚ್ಚಿನವರು ಕೂಲರ್ ದಾಟಿದ ಮೇಲಿನ ಅಂಕಿಯನ್ನೇ ಮಿತಿಯಾಗಿಟ್ಟು ಅದನ್ನು ಸುಮಾರು 100 ಡಿಗ್ರಿಯ ಒಳಗೆ ಹಿಡಿಯುತ್ತಾರೆ. ಅದಕ್ಕೆ ಕಾರಣವಿದೆ. ರೋಟರಿನ ಪಕ್ಕದಲ್ಲಿ ಎಣ್ಣೆಯನ್ನು ಒಳಗೇ ತಡೆಯುವ ಉಂಗುರಗಳ ಹಿಂದೆ ರಬ್ಬರಿನ ಓ-ರಿಂಗುಗಳಿವೆ. ಎಣ್ಣೆ ಮತ್ತೆ ಮತ್ತೆ ಮಿತಿ ಮೀರಿ ಕಾದರೆ ಅವು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತವೆ. ಆಮೇಲೆ ಎಣ್ಣೆ ಉರಿಯತೊಡಗುತ್ತದೆ, ಹಿಂದೆ ನೀಲಿ ಹೊಗೆ ಕಾಣುತ್ತದೆ.

ಕೋಲಾರದ ಆಕಾಶದಲ್ಲಿ

ಭಾರತದ ಸ್ವಂತ ವ್ಯಾಂಕೆಲ್ ಕಥೆಯ ಬೇರು ದೆಹಲಿಯಲ್ಲಿದೆ, ಫಲ ಕರ್ನಾಟಕದಲ್ಲಿದೆ. ಸಿಎಸ್‌ಐಆರ್ 1959ರ ಜೂನ್ 1ರಂದು ದೆಹಲಿಯಲ್ಲಿ ವೈಮಾನಿಕ ಪ್ರಯೋಗಾಲಯವೊಂದನ್ನು ತೆರೆಯಿತು. ಮರುವರ್ಷವೇ ಅದು ಬೆಂಗಳೂರಿಗೆ ಬಂತು. ಪಿ. ನೀಲಕಂಠನ್ ಮೊದಲ ನಿರ್ದೇಶಕರು. ಜಯಮಹಲ್ ರಸ್ತೆಯಲ್ಲಿ ಮೈಸೂರು ಮಹಾರಾಜರ ಅರಮನೆಗೆ ಸೇರಿದ ಕುದುರೆಲಾಯವೇ ಅದರ ಮೊದಲ ಕಚೇರಿಯಾಯಿತು. ಎನ್‌ಎಎಲ್ ಎಂದು ಬೆಂಗಳೂರಿಗರೆಲ್ಲ ಕರೆಯುವ ಸಂಸ್ಥೆ ಇದೇ.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಡಿಇ ಪ್ರಯೋಗಾಲಯ ಬೆಂಗಳೂರಿನಲ್ಲಿ ರೂಪಿಸಿದ ನಿಶಾಂತ್ ಎಂಬ ಚಾಲಕರಹಿತ ವಿಮಾನ ಆಮದು ಮಾಡಿದ ರೋಟರಿ ಎಂಜಿನ್ ಮೇಲೆ ಹಾರುತ್ತಿತ್ತು. ಅದರ ಬದಲಿಗೆ 55 ಅಶ್ವಶಕ್ತಿಯ ದೇಶೀ ವ್ಯಾಂಕೆಲ್ ಎಂಜಿನ್ ಮಾಡಲು ಮೂರು ಸಂಸ್ಥೆಗಳು ಕೈಜೋಡಿಸಿದವು. ಎಂಜಿನ್ನಿನ ಒಡಲು, ವಿಶೇಷ ಅಲ್ಯೂಮಿನಿಯಮ್ ಎರಕ, ಹೌಸಿಂಗ್ ಒಳಮೈಗೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಲೇಪ, ಇವು ಎನ್‌ಎಎಲ್ ಪಾಲಿಗೆ ಬಂದವು. ಇಗ್ನಿಷನ್, ಇಂಧನ ಮುಂತಾದ ಜೋಡಣೆಗಳನ್ನು ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇ ನೋಡಿಕೊಂಡಿತು. ಹಾರಿಸಿ ನೋಡುವ ಹೊಣೆ ಎಡಿಇಯದು. ಎಂಜಿನ್ನಿನ ತೂಕ ಸುಮಾರು 30 ಕಿಲೋ. ನೆಲದ ಮೇಲೆ ಗಂಟೆಗಟ್ಟಲೆ ಓಡಿಸಿ ಪರೀಕ್ಷಿಸಿ, ಸೇನಾ ವಿಮಾನಗಳ ಹಾರಾಟಯೋಗ್ಯತೆ ನೋಡುವ ಆರ್‌ಸಿಎಂಎಯ ತಾತ್ಕಾಲಿಕ ಒಪ್ಪಿಗೆ ಸಿಕ್ಕ ಮೇಲೆ, 2009ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಕೋಲಾರದಲ್ಲಿ ಇದು ಮೊದಲ ಬಾರಿ ಹಾರಿತು. 1.8 ಕಿಲೋಮೀಟರ್ ಎತ್ತರಕ್ಕೇರಿ, ಒಟ್ಟು 40 ನಿಮಿಷ ಗಾಳಿಯಲ್ಲಿದ್ದು, ಒಣಗಿದ ಕೆರೆಯಂಗಳದಲ್ಲಿ ಗೊತ್ತುಮಾಡಿದ ಜಾಗದಲ್ಲೇ ಸುರಕ್ಷಿತವಾಗಿ ಇಳಿಯಿತು. ಇಂಥ ಎಂಜಿನ್ನನ್ನು ಎರಕದಿಂದ ಲೇಪದವರೆಗೆ ಇಲ್ಲೇ ಮಾಡಿ ಹಾರಿಸಿದ್ದು ಕನ್ನಡನಾಡಿನ ತಂತ್ರಜ್ಞರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಅದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ.

ಚಾಲಕರಹಿತ ವಿಮಾನದಲ್ಲಿ ಸೆನ್ಸರಿನ ಹೊಣೆ ಇನ್ನೂ ಹೆಚ್ಚು. ಮೂಗಿಗೆ ಸುಟ್ಟ ವಾಸನೆ ಬಡಿಯಲು, ಕಾಲಡಿ ನಡುಕ ತಿಳಿಯಲು ಒಳಗೆ ಯಾರೂ ಇಲ್ಲ. ನೆಲದ ನಿಯಂತ್ರಣ ಕೇಂದ್ರದಲ್ಲಿ ಕೂತವರಿಗೆ ರೇಡಿಯೋ ಮೂಲಕ ಬರುವ ಅಂಕಿಯೇ ಎಲ್ಲ. 2015ರವರೆಗೆ ನಿಶಾಂತ್ ಸೇನೆಯ ಕೈಯಲ್ಲಿ ಹಾರಿದ ರೀತಿಯೂ ಉಷ್ಣತೆಯ ಲೆಕ್ಕವನ್ನು ತೊಡಕಾಗಿಸುತ್ತಿತ್ತು. ಸುಮಾರು 380 ಕಿಲೋ ತೂಕದ ಅದನ್ನು ಲಾರಿಯ ಮೇಲಿನ ಲಾಂಚರ್ ಒಂದೇ ಏಟಿಗೆ ಆಕಾಶಕ್ಕೆ ಎಸೆಯುತ್ತಿತ್ತು. ಎಂಜಿನ್ ಇದ್ದದ್ದು ವಿಮಾನದ ಹಿಂಬದಿಯಲ್ಲಿ. ಎಸೆಯುವ ಮುನ್ನ ಅದು ನಿಂತಲ್ಲೇ ಓಡುತ್ತಿತ್ತು, ಎದುರುಗಾಳಿಯ ಸಹಾಯ ಸಿಗುತ್ತಿರಲಿಲ್ಲ. ಎಸೆತದ ಏಟಿಗೆ ಪೈಪಿನೊಳಗಿನ ದ್ರವ ಹಿಂದಕ್ಕೆ ನುಗ್ಗುತ್ತಿತ್ತು, ಆ ಕ್ಷಣದ ಅಂಕಿಯನ್ನು ನಂಬುವಂತಿರಲಿಲ್ಲ. ಇಳಿಯುತ್ತಿದ್ದುದು ಪ್ಯಾರಾಚೂಟ್ ಮತ್ತು ಗಾಳಿಚೀಲದ ಮೇಲೆ. ಎಂಜಿನ್ ನಿಂತೊಡನೆ ಕೂಲಂಟಿನ ಹರಿವೂ ನಿಲ್ಲುತ್ತದೆ, ಲೋಹದಲ್ಲಿ ಉಳಿದ ಶಾಖ ಪ್ಲಗ್ಗಿನ ಬದಿಯನ್ನು ಇನ್ನಷ್ಟು ಕಾಯಿಸುತ್ತದೆ. ಹೊರಪೈಪಿನಲ್ಲಿರುವ ಸೆನ್ಸರಿಗೆ ಅದು ಕಾಣುವುದೇ ಇಲ್ಲ. ಹೌಸಿಂಗ್ ಲೋಹಕ್ಕೇ ಒಂದು ಥರ್ಮೋಕಪಲ್ ಹೂತರೆ ಮಾತ್ರ ಕಾಣುತ್ತದೆ.

ಈ ಗಾತ್ರದ ಎಂಜಿನ್‌ಗಳಲ್ಲಿ ಇನ್ನೊಂದು ಜಾಯಮಾನವಿದೆ. ಬ್ರಿಟನ್ನಿನಲ್ಲಿ ಡೇವಿಡ್ ಗಾರ್ಸೈಡ್ ಬಿಎಸ್‌ಎ, ನಾರ್ಟನ್ ಬೈಕುಗಳಿಗಾಗಿ ಬೆಳೆಸಿದ ಹಾದಿಯಲ್ಲಿ ರೋಟರನ್ನು ತಣಿಸುವುದು ಎಣ್ಣೆಯಲ್ಲ, ಗಾಳಿ. ಹೌಸಿಂಗಿಗೆ ಮಾತ್ರ ಕೂಲಂಟ್. ಎಣ್ಣೆಯನ್ನು ಬೇರಿಂಗಿಗೂ ಸೀಲಿಗೂ ಹನಿಹನಿಯಾಗಿ ಕೊಡುತ್ತಾರೆ, ಅದು ಉರಿದುಹೋಗುತ್ತದೆ. ಸಂಪೂ ಇಲ್ಲ, ಆಯಿಲ್ ಕೂಲರೂ ಇಲ್ಲ. ಮೊದಲ ಮಹಾಯುದ್ಧದ ಎಂಜಿನ್ನಿನಂತೆ ಇಲ್ಲೂ ಎಣ್ಣೆಯ ಉಷ್ಣತೆ ಎಂಬ ಅಂಕಿಗೆ ನೆಲೆಯಿಲ್ಲ. ಅದರ ಜಾಗಕ್ಕೆ ಬರುವುದು ರೋಟರ್ ದಾಟಿ ಹೊರಬರುವ ಗಾಳಿಯ ಉಷ್ಣತೆ. ಜರ್ಮನಿಯ ಷ್ಲೈಷರ್ ಕಂಪನಿಯ ಎಎಸ್‌ಎಚ್ 26ಇ ಮೋಟಾರು ಗ್ಲೈಡರಿನಲ್ಲಿ ಪೈಲಟ್ ಕೂಲಂಟಿನ ಜೊತೆ ಈ ಗಾಳಿಯ ಅಂಕಿಯನ್ನೂ ನೋಡುತ್ತಾರೆ. ಗಾಳಿ ದ್ರವದಷ್ಟು ಬೇಗ ಶಾಖ ದಾಟಿಸುವುದಿಲ್ಲ, ಆದ್ದರಿಂದ ಇಲ್ಲಿ ತೆಳು ತುದಿಯ ಸೆನ್ಸರೇ ಬೇಕು. ದಪ್ಪ ಹಿತ್ತಾಳೆ ಕವಚದ ಕಾರಿನ ಸೆನ್ಸರ್ ಹಾಕಿದರೆ ಸುದ್ದಿ ತಡವಾಗಿ ಬರುತ್ತದೆ.

ದೆಹಲಿಯ ಬಿಸಿಲು

ಕೋಲಾರದಲ್ಲಿ ತೃಪ್ತಿ ಕೊಟ್ಟ ಅಂಕಿ ದೆಹಲಿಯಲ್ಲಿ ಕೊಡುತ್ತದೆಯೇ? ಸಫ್ದರ್‌ಜಂಗ್ ವಿಮಾನನಿಲ್ದಾಣದ ಹವಾಮಾನ ಕೇಂದ್ರದಲ್ಲಿ 1944ರ ಮೇ 29ರಂದು 47.2 ಡಿಗ್ರಿ ದಾಖಲಾಗಿದೆ. ಅದೇ ಕೇಂದ್ರದಲ್ಲಿ 1935ರ ಜನವರಿ 16ರಂದು ಉಷ್ಣತೆ ಸೊನ್ನೆಗಿಂತ 0.6 ಡಿಗ್ರಿ ಕೆಳಗಿಳಿದಿತ್ತು. ಒಂದೇ ಅಂಗಳದಲ್ಲಿ ಸುಮಾರು 48 ಡಿಗ್ರಿ ಅಂತರ. ಅಮೆರಿಕದ ಸಣ್ಣ ವಿಮಾನಗಳಿಗೆ ಬಹುಕಾಲ ಅನ್ವಯಿಸಿದ, ವಾಯುಯಾನ ನಿಯಮಾವಳಿಯ 23ನೇ ಭಾಗದ ನಿಯಮ ಎಂಜಿನ್ ತಣಿಸುವ ಪರೀಕ್ಷೆಗೆ ಸಮುದ್ರಮಟ್ಟದಲ್ಲಿ ಕನಿಷ್ಠ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯ ದಿನವನ್ನು ಆಧಾರವಾಗಿ ಹಿಡಿದಿತ್ತು. ದೆಹಲಿ, ಗುರುಗ್ರಾಮ, ನೋಯ್ಡಾದಲ್ಲಿ ಮೇ ತಿಂಗಳ ಮಧ್ಯಾಹ್ನ ಇದನ್ನು ದಾಟದಿದ್ದರೆ ಅದೇ ಸುದ್ದಿ.

ಆ ನಿಯಮದಲ್ಲೇ ಒಂದು ಸರಳ ತಿದ್ದುಪಡಿಯ ಸೂತ್ರವಿತ್ತು. ಪರೀಕ್ಷೆಯ ದಿನದ ಹೊರಗಿನ ಉಷ್ಣತೆಗೂ ಲೆಕ್ಕಕ್ಕೆ ಹಿಡಿದ ಬಿಸಿ ದಿನದ ಉಷ್ಣತೆಗೂ ಎಷ್ಟು ವ್ಯತ್ಯಾಸವೋ ಅಷ್ಟನ್ನೂ ಎಣ್ಣೆ, ಕೂಲಂಟಿನ ಅಂಕಿಗೆ ಸೇರಿಸಬೇಕು. ಉದಾಹರಣೆಗೆ, 26 ಡಿಗ್ರಿಯ ಬೆಳಿಗ್ಗೆ ಕೋಲಾರದಲ್ಲಿ ಏರುವಾಗ ಕೂಲಂಟ್ 95 ತೋರಿಸಿದರೆ, 45 ಡಿಗ್ರಿಯ ದೆಹಲಿಗೆ ಅದು 114 ಆಗುತ್ತದೆ. ಎಣ್ಣೆ 92 ಇದ್ದದ್ದು 111 ಆಗುತ್ತದೆ. ಮೊದಲನೆಯದನ್ನು ಒತ್ತಡದ ಮುಚ್ಚಳ ತಾಳಿಸಬಹುದು, ಎರಡನೆಯದು ಮೇಲೆ ಹೇಳಿದ ಮಿತಿಯನ್ನು ದಾಟಿತು. ದಕ್ಷಿಣದ ಪ್ರಸ್ಥಭೂಮಿಯಲ್ಲಿ ಕಟ್ಟಿ ಪರೀಕ್ಷಿಸಿದ ಎಂಜಿನ್ ಉತ್ತರದ ಬಯಲಿಗೆ ಹೋಗುವ ಮುನ್ನ ಈ ಕೂಡುಲೆಕ್ಕ ಮಾಡಲೇಬೇಕು. ಆಯಿಲ್ ಕೂಲರ್ ಸಾಲದು ಎಂಬುದು ಕಾಗದದ ಮೇಲೇ ತಿಳಿಯುತ್ತದೆ. ಆದರೆ ಸಂಪಿನ ಅಂಕಿಯನ್ನು ಕೂಲರ್ ದಾಟಿದ ಅಂಕಿಯೆಂದು ಬಗೆದು ಲೆಕ್ಕ ಹಾಕಿದರೆ ಇಡೀ ಕೂಡುಲೆಕ್ಕವೇ ಹಳ್ಳ ಹಿಡಿಯುತ್ತದೆ.

ತಂತಿ, ತೂತು, ತಾಳೆ

ಜಾಗ ಸರಿಯಿದ್ದೂ ಅಂಕಿ ಸುಳ್ಳಾಗುವುದುಂಟು. ಕಾರಿನಿಂದ ಬಂದ ಒಂಟಿ ತಂತಿಯ ಸೆನ್ಸರ್ ತನ್ನ ಮೈಯಿಂದಲೇ ಎಂಜಿನ್ನಿಗೆ ಅರ್ಥ್ ಪಡೆಯುತ್ತದೆ. ಸೋರಬಾರದೆಂದು ಅದರ ತಿರುಪಿನ ಮರೆಗೆ ದಪ್ಪವಾಗಿ ಟೇಪು ಸುತ್ತಿದರೆ ಆ ಸಂಪರ್ಕ ಕೆಡುತ್ತದೆ. ಫೈಬರ್ ಮೈಯ ವಿಮಾನದಲ್ಲಿ ಅರ್ಥಿನ ತೊಂದರೆ ಇನ್ನೂ ಹೆಚ್ಚು, ಎರಡು ತಂತಿಯ ಸೆನ್ಸರೇ ಲೇಸು. ಥರ್ಮಿಸ್ಟರ್ ಬಗೆಯದನ್ನು ಅದರ ಜೋಡಿ ಗೇಜಿನ ಜೊತೆಗೇ ಬಳಸಬೇಕು, ಬೇರೆ ಕಂಪನಿಯ ಗೇಜಿಗೆ ಹಚ್ಚಿದರೆ ತಾಳೆಯಾಗದು. ಪ್ಲಾಟಿನಮ್ಮಿನ ಪಿಟಿ100 ಸೆನ್ಸರ್ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ತೋರಿಸುತ್ತದೆ, ನಂಬಿಗಸ್ತ. ಕೆ ಬಗೆಯ ಥರ್ಮೋಕಪಲ್ಲಿಗೆ ಅದರದೇ ಲೋಹದ ತಂತಿ ಗೇಜಿನವರೆಗೂ ಹೋಗಬೇಕು. ನಡುವೆ ಸಾದಾ ತಾಮ್ರದ ತಂತಿ ಸೇರಿಸಿದರೆ, ಆ ಬೆಸುಗೆ 70 ಡಿಗ್ರಿಯ ಎಂಜಿನ್ ಕೋಣೆಯಲ್ಲೂ ಗೇಜು 40 ಡಿಗ್ರಿಯ ಕಾಕ್‌ಪಿಟ್ಟಿನಲ್ಲೂ ಇದ್ದಾಗ ಅಂಕಿ 30 ಡಿಗ್ರಿ ಕಡಿಮೆ ಬರುತ್ತದೆ. ರೋಟರಿ ಎಂಜಿನ್ನಿನ ಹೊಗೆ ಪಿಸ್ಟನ್ ಎಂಜಿನ್ನಿನದಕ್ಕಿಂತ ಬಿಸಿ. ಆದ್ದರಿಂದ ತಂತಿಗಳನ್ನು ಹೊಗೆಪೈಪಿನಿಂದ ದೂರ ಎಳೆದು, ನಡುವೆ ಶಾಖ ತಡೆಯುವ ತಗಡು ನಿಲ್ಲಿಸುವುದು ವಾಡಿಕೆ.

ಸೆನ್ಸರ್ ಕೂರಿಸುವ ಮುನ್ನ ಗೇಜಿನ ಸಮೇತ ಕುದಿಯುವ ನೀರಿನಲ್ಲಿ ಅದ್ದಿ ತಾಳೆ ನೋಡುವುದು ಹಳೆಯ ಪದ್ಧತಿ, ಇಂದಿಗೂ ಒಳ್ಳೆಯದೇ. ಹಾಗೆ ನೋಡುವವರು ಊರಿನ ಎತ್ತರವನ್ನು ಮರೆಯಬಾರದು. ನೀರು ದೆಹಲಿಯಲ್ಲಿ 99 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಬೆಂಗಳೂರಿನ ಶೆಡ್ಡಿನಲ್ಲಿ ಗೇಜು 100 ತೋರಿಸಿದರೆ ಅದನ್ನು ಸರಿಯೆಂದು ಒಪ್ಪದೆ, 3 ಡಿಗ್ರಿ ಹೆಚ್ಚು ತೋರಿಸುತ್ತದೆಂದು ಎಂಜಿನ್ ಲಾಗ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲೇ ಆ ಸೆನ್ಸರ್ ಕೂತ ಜಾಗವನ್ನೂ ನಮೂದಿಸಬೇಕು.